ಕರಿಕೋಟಿನ ಪಾಲು

ತಂಗಿಯ ಜೊತೆ ನಾನು ಮಾತು ಬಿಟ್ಟಿಲ್ಲ. ಬಿಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದೇ ಲಾಂಡ್ರಿ ನಡೆಸುವ ಅಕ್ಕತಂಗಿ ಮಾತು ಬಿಟ್ಟರೆ ಯಾರದೋ ಪ್ಯಾಂಟು ಯಾರದೋ ಮನೆ ಸೇರುತ್ತದೆ, ಅದಕ್ಕೋಸ್ಕರ ಮಾತಾಡುತ್ತೇವೆ. "ನೀಲಿ ಶರ್ಟು ಆಯ್ತಾ?" "ಆಯ್ತು." "ಗಂಜಿ?" "ಹಾಕಿದೀನಿ." ಇಷ್ಟೇ. ಇಷ್ಟರಲ್ಲೇ ಎಷ್ಟು ವಿಷ ತುಂಬಬಹುದು ಎಂದು ತಿಳಿಯಬೇಕಾದರೆ ನಮ್ಮ ಅಂಗಡಿಗೆ ಬಂದು ಅರ್ಧ ಗಂಟೆ ಕೂರಬೇಕು.

ಜಗಳ ಬಟ್ಟೆಯದ್ದಲ್ಲ, ಹೆಸರಿನದು. ನಾನು ಬರೆದ ಪುಸ್ತಕದ ಮೇಲೆ ಯಾರ ಹೆಸರಿರಬೇಕು ಎನ್ನುವುದು.

ನಮ್ಮ ಅಂಗಡಿಯ ಹಿಂಗೋಡೆಯ ಮೊಳೆಯಲ್ಲಿ ಒಂದು ಕರಿಕೋಟು ತೂಗುತ್ತಿತ್ತು. ಒಗೆಯಲು ಕೊಟ್ಟು ಹೋದ ಮನುಷ್ಯ ತಿರುಗಿ ಬರಲೇ ಇಲ್ಲ. "ಬಂದೇ ಬರ್ತಾರೆ, ಇರಲಿ" ಎಂದು ಅಮ್ಮ ಅದನ್ನು ಮಾರಲು ಬಿಟ್ಟಿರಲಿಲ್ಲ. ಅಮ್ಮ ತೀರಿಕೊಂಡ ಮೇಲೆ, ಗಿರಾಕಿಗಳಿಲ್ಲದ ಒಂದು ಬೇಸರದ ಮಧ್ಯಾಹ್ನ, ನಾನು ಇಸ್ತ್ರಿ ಮಾಡುತ್ತಾ ಆ ಕೋಟಿನವನಿಗೆ ಏನಾಗಿರಬಹುದು ಎಂದು ಬಾಯಿಗೆ ಬಂದಂತೆ ಕಥೆ ಕಟ್ಟಿದೆ. ಅವನ ಕೊಲೆಯಾಗಿದೆ ಎಂದೆ. ಗಲ್ಲಾದ ಹಿಂದೆ ಕುಳಿತಿದ್ದ ತಂಗಿ "ತಾಳು, ತಾಳು" ಎನ್ನುತ್ತಾ ಕೈಗೆ ಸಿಕ್ಕ ಕಾಗದದ ಮೇಲೆ ಬರೆದುಕೊಂಡಳು.

ಅಲ್ಲಿಂದ ಅದೇ ಅಭ್ಯಾಸವಾಯಿತು. ನಾನು ಇಸ್ತ್ರಿ ಪೆಟ್ಟಿಗೆ ಎಳೆಯುತ್ತಾ ಹೇಳುವುದು, ಅವಳು ಬರೆಯುವುದು. ತೋಳಿಗೊಂದು ವಾಕ್ಯ, ಬೆನ್ನಿಗೊಂದು ಪ್ಯಾರಾ. ಕಾಲರ್ ಬಂದಾಗ ಮಾತ್ರ ನಾನು ಬಾಯಿ ಮುಚ್ಚುತ್ತಿದ್ದೆ, ಏಕೆಂದರೆ ಕಾಲರ್ ಸುಕ್ಕಾದರೆ ಇಡೀ ಶರ್ಟಿನ ಮಾನ ಹೋಗುತ್ತದೆ. ಅಷ್ಟರಲ್ಲಿ ಅವಳು ಬರೆದು ಮುಗಿಸುತ್ತಿದ್ದಳು. ಹಾಗೆ ಒಂದು ಪತ್ತೇದಾರಿ ಕಾದಂಬರಿಯೇ ಆಯಿತು. ಪುಸ್ತಕದ ಮೇಲೆ ಯಾರ ಹೆಸರು ಎಂದು ಪ್ರಕಾಶಕ ಫೋನಿನಲ್ಲಿ ಕೇಳಿದಾಗ ಇಬ್ಬರೂ ಗೋಡೆ ನೋಡಿದೆವು. "ಕರಿಕೋಟು" ಎಂದೇ ಅಚ್ಚಾಯಿತು.

ಕರಿಕೋಟಿನ ಪುಸ್ತಕಗಳು ಬಿಸಿ ಬಿಸಿಯಾಗಿ ಖರ್ಚಾದವು. ಬರೆಯುವವನು ಯಾರೋ ನಿವೃತ್ತ ಪೊಲೀಸ್ ಅಧಿಕಾರಿ ಎಂದು ಓದುಗರೇ ತೀರ್ಮಾನಿಸಿಕೊಂಡರು. "ಸಾರ್, ನಿಮ್ಮ ಎದೆಗಾರಿಕೆ ಮೆಚ್ಚಬೇಕು" ಎಂದು ಬರೆದರು. ಸಾರ್ ಆಗ ಹೋಟೆಲಿನ ದಿಂಬಿನ ಕವರು ಮಡಿಸುತ್ತಿದ್ದರು. ಇನ್ನೊಬ್ಬ, "ಡಾಕ್ಟರ ಹೆಂಡತಿಯೇ ಕೊಲೆಗಾರ್ತಿ ಅಂತ ಕನಸಲ್ಲೂ ಎಣಿಸಿರಲಿಲ್ಲ" ಎಂದಿದ್ದ. ನಾನು ಹೇಳಿದ ಕಥೆಯಲ್ಲಿ ಕೊಲೆ ಮಾಡಿದವನು ಡಾಕ್ಟರು. ತಲೆಕೆಟ್ಟವನು, ನೆಟ್ಟಗೆ ಓದಿಲ್ಲ ಎಂದುಕೊಂಡೆ. ಅಚ್ಚಾದ ಪುಸ್ತಕಗಳನ್ನು ನಾನು ಓದುತ್ತಿರಲಿಲ್ಲ. ನನ್ನ ಬಾಯಿಂದಲೇ ಬಂದದ್ದನ್ನು ಮತ್ತೆ ನಾನೇ ಓದುವುದೇನು?

ಆದರೆ ಈ ಹೊಸ ಪುಸ್ತಕ ಹಾಗಲ್ಲ. ಇದನ್ನು ಅಂಗಡಿ ತೆರೆಯುವ ಮುಂಚೆ, ತಂಗಿ ಬರುವ ಮೊದಲು, ನನ್ನ ಕೈಯಾರೆ ಬರೆದೆ. ಇದರಲ್ಲಿ ಹೆಣವಿಲ್ಲ, ಪತ್ತೇದಾರನಿಲ್ಲ, ಇರುವುದು ಅಮ್ಮ. ಅಮ್ಮನ ಎಡಗೈ ಮೇಲೆ ಇಸ್ತ್ರಿ ಪೆಟ್ಟಿಗೆಯ ಮೂತಿಯಂಥದೇ ಒಂದು ಕಲೆ ಇತ್ತು. ಕೇಳಿದವರಿಗೆಲ್ಲ "ಕೆಲಸದಲ್ಲಿ ತಗುಲ್ತು" ಎನ್ನುತ್ತಿದ್ದಳು. ತಗುಲಿದ್ದಲ್ಲ. ಅಪ್ಪ ಒತ್ತಿದ್ದು. ಬೀದಿಗೆಲ್ಲ ಬೇಕಾದ, ಎಲ್ಲರನ್ನೂ ನಗಿಸುತ್ತಿದ್ದ, ಸತ್ತಾಗ ಅಂಗಡಿ ಸಾಲೆಲ್ಲ ಬಾಗಿಲು ಹಾಕಿದ ನಮ್ಮ ಅಪ್ಪ. ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಬರೆದೆ. ಅದನ್ನು ಬರೆದವಳು ನಾನು ಎಂದು ಹೇಳಬೇಕೆನ್ನಿಸಿತು. ಕೋಟಿನೊಳಗೆ ಅವಿತು ಹೇಳುವ ಮಾತಾಗಿರಲಿಲ್ಲ ಅದು.

ಪ್ರಕಾಶಕನ ಕಚೇರಿ ಸೈಕಲ್ ರಿಪೇರಿ ಅಂಗಡಿಯ ಮೇಲಿದೆ. ಮೆಟ್ಟಿಲು ಹತ್ತುವಾಗ ರಬ್ಬರಿನ ವಾಸನೆ, ಒಳಗೆ ಹೋದರೆ ಅಂಟಿನ ವಾಸನೆ. ಅವನು ಹಸ್ತಪ್ರತಿ ಮುಂದಿಟ್ಟುಕೊಂಡು ಕನ್ನಡಕ ಒರೆಸಿದ.

"ಮೇಡಂ, ಕರಿಕೋಟು ಅಂತ ಹಾಕೋಣ. ಕಣ್ಣುಮುಚ್ಚಿ ಅಚ್ಚು ಹಾಕಿಸ್ತೀನಿ. ನಿಮ್ಮ ಹೆಸರು ಹಾಕಿದ್ರೆ, ಬೇಜಾರು ಮಾಡ್ಕೋಬೇಡಿ, ನೀವು ಯಾರಿಗೆ ಗೊತ್ತು?"

"ಇದರಲ್ಲಿ ಕೊಲೆ ಇಲ್ಲವಲ್ರೀ."

"ಒಂದು ಸೇರಿಸಿ. ಅಪ್ಪನ್ನ ಸಾಯಿಸಿಬಿಡಿ, ಚೆನ್ನಾಗಿ ಬರುತ್ತೆ."

ಅವನನ್ನೇ ಸಾಯಿಸೋಣ ಅನ್ನಿಸಿತು. ಮೇಜಿನ ಮೇಲೆ ಕಾಗದ ಕತ್ತರಿಸುವ ಚಾಕು ಕೂಡ ಇತ್ತು.

"ಇನ್ನೊಂದು. ಆ ಹುಡುಗಿ ಬಕೆಟ್ ತುಂಬ ನೀರು ತರ್ತಾಳಲ್ಲ, ಅಮ್ಮನ ಕೈ ಮುಳುಗಿಸೋಕೆ? ಲಾಂಡ್ರಿ ಬಕೆಟ್ ಅಂತ ಬರ್ದಿದೀರ. ಅಷ್ಟು ಚಿಕ್ಕ ಹುಡುಗಿ ಎತ್ತೋದು ನಂಬೋಕಾಗಲ್ಲ ಮೇಡಂ."

"ನಡೆದದ್ದು ಅದು. ನಂಬದಿದ್ರೆ ಬಿಡಿ."

ಅವನು ಕೈ ಮುಗಿದ. ಕಥೆಯ ಕೊನೆ ಮಾತ್ರ ಅವನಿಗೆ ತುಂಬಾ ಹಿಡಿಸಿತ್ತಂತೆ. ಅಮ್ಮ ಗಿರಾಕಿಗಳ ಬಟ್ಟೆಗೆ ಹೆಸರು ಬರೆಯುತ್ತಿರಲಿಲ್ಲ. ಪ್ರತಿ ಮನೆಗೂ ಒಂದು ಗುರುತು, ಅಂಚಿನ ಒಳಬದಿಗೆ, ಎಷ್ಟು ಒಗೆದರೂ ಹೋಗದ ಗುರುತು ಮಸಿಯಲ್ಲಿ. ಒಂದು ಮನೆಗೆ ಗೆರೆ, ಒಂದಕ್ಕೆ ಕೊಕ್ಕೆ, ಒಂದಕ್ಕೆ ಅರ್ಧಚಂದ್ರ. ಅವನ್ನು ಓದುವುದು ಅವಳಿಗೆ ಗೊತ್ತಿತ್ತು, ಆಮೇಲೆ ನಮಗೆ. ನನ್ನ ಕಾದಂಬರಿಯ ಕೊನೆಯಲ್ಲಿ ತಾಯಿ ಸತ್ತ ಮೇಲೆ ಮಗಳು ಅವಳ ಸೀರೆಯ ಅಂಚು ಮಗುಚಿ ನೋಡುತ್ತಾಳೆ, ಅಲ್ಲಿ ಅವರ ಮನೆಯ ಗುರುತು ಇರುತ್ತದೆ, ಒಂದು ಚುಕ್ಕೆ. "ಮುಖಪುಟಕ್ಕೆ ಅದೇ ಸಾಕು" ಎಂದ ಪ್ರಕಾಶಕ. "ಹೆಸರು ಯಾವುದು ಅಂತ ಬೇಗ ಹೇಳಿ."

ಹೇಳುವುದಕ್ಕೆ ನಾನು ಇನ್ನೂ ಯೋಚಿಸುತ್ತಿದ್ದೆ. ಆ ಪುಣ್ಯಾತ್ಮನಿಗೆ ತಾಳ್ಮೆಯಿಲ್ಲ, ಅಂಗಡಿಗೇ ಫೋನು ಮಾಡಿದ. ಎತ್ತಿದವಳು ತಂಗಿ.

"ಯಾವ ಪುಸ್ತಕ?" ಎಂದಳು ಫೋನಿಗೆ. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಫೋನು ಇಟ್ಟು ನನ್ನತ್ತ ತಿರುಗಿ ಅದನ್ನೇ ಕೇಳಿದಳು. "ಯಾವ ಪುಸ್ತಕ ಅಕ್ಕ?"

ಹೇಳಿದೆ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಕರಿಕೋಟು ಅಂತ ಹಾಕೋಕೆ ನಾನು ಬಿಡಲ್ಲ. ಅದರಲ್ಲಿ ಅರ್ಧ ನಂದು."

"ನಿಂಗೆ ಯಾರು ಕೊಡು ಅಂದ್ರು? ನನ್ನ ಹೆಸರೇ ಹಾಕ್ತೀನಿ."

"ಅದನ್ನೂ ಹಾಕೋ ಹಾಗಿಲ್ಲ. ಅಪ್ಪನ ವಿಷಯ ಬೀದಿಗೆ ತರ್ತೀಯಾ? ಇಲ್ಲಿ ಗಲ್ಲಾದಲ್ಲಿ ಕೂತು ಎಲ್ಲರ ಮುಖ ನೋಡೋಳು ನಾನು. ನೀನು ಒಳಗೆ ಹಬೆಯಲ್ಲಿ ಅಡಗಿಕೊಂಡಿರ್ತೀಯ."

"ಹಾಗಾದ್ರೆ ಯಾರ ಹೆಸರು ಹಾಕ್ಲಿ? ಪಕ್ಕದ ಮನೆ ಬೆಕ್ಕಿಂದಾ?"

"ಅಚ್ಚೇ ಹಾಕ್ಬೇಡ."

ನನಗೆ ಮೈಯೆಲ್ಲ ಉರಿಯಿತು. ಜೀವನದಲ್ಲಿ ನಾನೊಬ್ಬಳೇ ಮಾಡಿದ್ದು ಇದೊಂದು. ಅಂಗಡಿ ಅಮ್ಮನದು, ಮನೆ ಅಪ್ಪನದು, ಕರಿಕೋಟಿನಲ್ಲಿ ಇವಳ ಪಾಲು. ಈ ಒಂದಕ್ಕೂ ಅಡ್ಡಗಾಲು ಹಾಕುತ್ತಾಳೆ. "ಓದದೇನೇ ಕುಣೀಬೇಡ, ಓದಿ ಕುಣಿ" ಎಂದು ಮನೆಯಲ್ಲಿದ್ದ ಇನ್ನೊಂದು ಪ್ರತಿಯನ್ನು ತಂದು ಅವಳ ಮುಂದೆ ಬಿಸಾಡಿದೆ.

ಓದಿದಳು. ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತಾ, ಗುಂಡಿ ಹೊಲಿಯುತ್ತಾ, ತುಟಿ ಬಿಗಿಹಿಡಿದು ದಿನಗಟ್ಟಲೆ ಓದಿದಳು. ನಾನು ಇಸ್ತ್ರಿ ಮಾಡುತ್ತಾ ಅವಳ ಮುಖವನ್ನೇ ಕದ್ದು ನೋಡುತ್ತಿದ್ದೆ. ಮೆಚ್ಚಲಿ ಎಂದಲ್ಲ. ಒಂದು ಸಲವಾದರೂ ಕಣ್ಣು ಒದ್ದೆಯಾಗಲಿ ಎಂದು. ಆಗಲಿಲ್ಲ. ಅವಳನ್ನು ನೋಡುತ್ತಾ ಒಂದು ಒಳ್ಳೆಯ ಶರ್ಟು ಸುಟ್ಟೆ, ಅದಕ್ಕೂ ಬೈಸಿಕೊಂಡೆ.

ಮುಗಿಸಿದ ದಿನ ಎದ್ದು ಬಂದು ಕಾಗದದ ಕಟ್ಟನ್ನು ಇಸ್ತ್ರಿ ಮೇಜಿನ ಮೇಲೆ, ಬಿಸಿ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಳು.

"ಹಾಕ್ಕೋ. ನಿನ್ನ ಹೆಸರೇ ಹಾಕ್ಕೋ. ಇದಕ್ಕೆ ಅದೇ ಸರಿ."

ಗೆದ್ದೆ ಎಂದುಕೊಂಡೆ. ಅಷ್ಟು ಸುಲಭವಾಗಿ ಬಿಡುವವಳಲ್ಲ ಎಂದು ನನಗೆ ಗೊತ್ತಿರಬೇಕಿತ್ತು.

"ನಿನ್ನ ಪುಸ್ತಕದ ಮನೇಲಿ ಒಬ್ಬಳೇ ಮಗಳು" ಎಂದಳು.

"ಕಥೆ ಕಣೇ ಅದು. ಕಥೆಗೆ ಒಬ್ಬಳು ಸಾಕು. ನಿನ್ನ ಮಾನ ಉಳೀಲಿ ಅಂತಾನೇ ಬಿಟ್ಟೆ. ನಾಳೆ ಯಾರಾದ್ರೂ ಕೇಳಿದ್ರೆ ನಂಗೊತ್ತಿಲ್ಲ ಅನ್ನಬಹುದಲ್ಲ."

"ಆ ಬಕೆಟ್ಟು ಯಾರು ಎತ್ತಿದ್ದು?"

ನಾನು ಕಟ್ಟನ್ನು ಬಿಸಿ ಪೆಟ್ಟಿಗೆಯಿಂದ ದೂರ ಸರಿಸಿದೆ.

"ಆ ಹಿಡಿಕೆ ಒಂದು ಕಡೆ ನೀನು ಹಿಡಿದಿದ್ದೆ, ಇನ್ನೊಂದು ಕಡೆ ನಾನು. ಹಿಡಿಕೆ ತಂತಿ ಕುಯ್ದು ನನ್ನ ಕೈಯಿಂದ ರಕ್ತ ಬಂತು. ಅಮ್ಮ ತನ್ನ ಕೈ ಬಿಟ್ಟು ನನ್ನ ಕೈ ನೋಡಿದಳು. ಇದೆಲ್ಲ ನಿನ್ನ ಪುಸ್ತಕದಲ್ಲಿ ನಿಂಗೇ ಆಗಿದೆ, ನಿನ್ನ ಕೈಯಿಂದಲೇ ರಕ್ತ ಬಂದಿದೆ. ನಮ್ಮ ಮನೆ ಬಟ್ಟೆಗೆ ಅಮ್ಮ ಹಾಕ್ತಿದ್ದದ್ದು ಎರಡು ಚುಕ್ಕೆ. ಒಂದು ಹಾಕಿದೀಯ. ನನ್ನ ಮಾನ ಉಳಿಸಿದಳಂತೆ!"

"ಸರಿ, ಸೇರಿಸ್ತೀನಿ ಬಿಡು. ಅದಕ್ಯಾಕೆ ಇಷ್ಟು ರಂಪ?"

"ಬೇಡ. ಕೇಳಿ ಹಾಕಿಸ್ಕೊಳ್ಳೋಕೆ ನಾನೇನು ಭಿಕ್ಷೆಗೆ ನಿಂತಿದೀನಾ? ಇನ್ನೊಂದು ಹೇಳ್ತೀನಿ ಕೇಳು. ನೀನು ಬಾಯಲ್ಲಿ ಹೇಳಿದ್ದನ್ನ ಹಾಗ್ಹಾಗೇ ಬರೆದಿದ್ರೆ ಒಬ್ಬನೂ ಎರಡನೇ ಪುಟ ತಿರುವ್ತಿರ್ಲಿಲ್ಲ. ಕಾಲರ್ ಬಂದಾಗ ಸುಮ್ಮನಿರ್ತಿದ್ದೆಯಲ್ಲ, ಆಗ ನಾನು ಏನು ಮಾಡ್ತಿದ್ದೆ ಅಂದ್ಕೊಂಡೆ? ನೀನು ಹೇಳಿದ್ದನ್ನ ಒಗೀತಿದ್ದೆ."

ಹೇಳಿದವಳು ಸ್ಟೂಲು ಎಳೆದು, ಹತ್ತಿ, ಮೊಳೆಯಿಂದ ಕರಿಕೋಟನ್ನು ಇಳಿಸಿದಳು. ಧೂಳು ಕೊಡವಿ ತೋಳ ಮೇಲೆ ಹಾಕಿಕೊಂಡಳು. "ನಿಂಗೆ ನಿನ್ನ ಹೆಸರು, ನಂಗಿದು" ಎಂದು ಮನೆಗೆ ಹೊರಟುಹೋದಳು. ಆಸ್ತಿ ಪಾಲಾದಷ್ಟೇ ಸಲೀಸಾಗಿ ಆಯಿತು.

ಅವಳು ಹೋದ ಮೇಲೆ ನಾನು ಅಂಗಡಿ ಬಾಗಿಲು ಅರ್ಧ ಎಳೆದು ಅವಳ ಗಲ್ಲಾದ ಕೆಳಗಿದ್ದ ಕರಿಕೋಟಿನ ಪುಸ್ತಕ ತೆಗೆದು ಮೊದಲ ಬಾರಿ ಓದಿದೆ. ಡಾಕ್ಟರು ಕೊಲೆ ಮಾಡಿರಲಿಲ್ಲ. ಅವನ ಹೆಂಡತಿಯೇ ಮಾಡಿದ್ದಳು! ನಾನು ಕಟ್ಟಿದ ಮಾತುಗಳು ಇದ್ದವು, ಆದರೆ ಎಲ್ಲಿಂದಲೋ ಎತ್ತಿ ಎಲ್ಲಿಗೋ ಇಟ್ಟಿದ್ದಳು. ನಾನು ಮೂರು ಸಲ ಹೇಳಿದ್ದನ್ನು ಒಂದು ಸಲ ಹೇಳಿದ್ದಳು. ಅದು ಚೆನ್ನಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು. ಈ ಮಾತನ್ನು ಅವಳ ಎದುರಿಗೆ ನನ್ನ ಬಾಯಿಂದ ಯಾರೂ ಹೊರಡಿಸಲಾರರು.

ಪ್ರಕಾಶಕನಿಗೆ ಫೋನು ಮಾಡಿ ನನ್ನ ಹೆಸರೇ ಹಾಕಿ ಎಂದೆ. "ಯೋಚಿಸಿ ಮೇಡಂ" ಎಂದ. ಯೋಚಿಸಿದ್ದೆ. ಕರಿಕೋಟು ನಾನಾಗಿರಲಿಲ್ಲ ಎಂದು ಗೊತ್ತಾದ ಮೇಲೆ ನನ್ನ ಹೆಸರೊಂದೇ ನನ್ನದಾಗಿ ಉಳಿದಿತ್ತು. ಬಕೆಟ್ಟು, ಚುಕ್ಕೆ ತಿದ್ದಬಹುದಿತ್ತು, ಸಮಯವೂ ಇತ್ತು. ಅವಳು ಬೇಡ ಅಂದಳಲ್ಲ, ಇರಲಿ ಹಾಗೇ ಎಂದು ಹಠ ಹಿಡಿದೆ. ಅವಳ ಹಠ ಅಪ್ಪನದು ಎಂದು ಅಮ್ಮ ಹೇಳುತ್ತಿದ್ದಳು. ನನ್ನದು ಯಾರದು ಎಂದು ಹೇಳಿರಲಿಲ್ಲ.

ಪುಸ್ತಕ ಬಂತು. ಬಿಳಿ ಬಟ್ಟೆಯ ಅಂಚು, ಅದರ ಮೇಲೆ ಒಂದು ಕಪ್ಪು ಚುಕ್ಕೆ, ಕೆಳಗೆ ನನ್ನ ಹೆಸರು. ನಿಜ ಹೇಳುತ್ತೇನೆ, ಸಂತೋಷದಿಂದ ಹೆಸರಿನ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದೆ. ಒಂದು ಪ್ರತಿಯನ್ನು ಗಲ್ಲಾದ ಮೇಲೆ ಇಟ್ಟೆ. ತಂಗಿ ಅದರ ಮೇಲೆ ಗುಂಡಿ ಡಬ್ಬಿ ಇಟ್ಟಳು.

ಕೊಂಡವರು ಕಡಿಮೆ, ಆಡಿಕೊಂಡವರು ಜಾಸ್ತಿ. ಅಪ್ಪನ ಕಾಲದ ಗಿರಾಕಿ, ನಿವೃತ್ತ ಮೇಷ್ಟ್ರು, ಪುಸ್ತಕ ಹಿಡಿದುಕೊಂಡೇ ಬಂದರು.

"ದೇವರಂಥ ಮನುಷ್ಯ ನಿಮ್ಮಪ್ಪ. ಹೆತ್ತ ತಂದೆ ಬಗ್ಗೆ ಹೀಗೆ ಬರೆಯೋಕೆ ಕೈ ಹೇಗೆ ಬಂತಮ್ಮಾ? ಅದೂ ಹೆಸರು ಹಾಕಿಕೊಂಡು!"

ನಾನು ಬಾಯಿ ತೆರೆಯುವ ಮೊದಲೇ ತಂಗಿ ಅವರ ಬಟ್ಟೆಯ ಗಂಟನ್ನು ಕೌಂಟರಿನಿಂದ ಅವರ ಎದೆಗೇ ತಳ್ಳಿದಳು. "ನಿಮ್ಮ ಬಟ್ಟೆ ಆಗಿದೆ ಸಾರ್. ಇನ್ಮೇಲೆ ಬೇರೆ ಕಡೆ ಕೊಡಿ."

ಅವರು ಹೋದ ಮೇಲೆ ನಾನು ಅವಳತ್ತ ನೋಡಿದೆ. "ನೋಡ್ಬೇಡ" ಎಂದಳು. "ನಿನಗೋಸ್ಕರ ಅಲ್ಲ. ಅಮ್ಮನಿಗೋಸ್ಕರ." ಅಲ್ಲಿಗೆ ಮಾತು ಮುಗಿಯಿತು, ನೀಲಿ ಶರ್ಟು ಆಯ್ತಾ ಎಂದು ಕೇಳಿದಳು.

ಮಾರಾಟವಾಗದ ಪ್ರತಿಗಳನ್ನು ಪ್ರಕಾಶಕ ಕಟ್ಟು ಕಟ್ಟಿ ನಮ್ಮಲ್ಲಿಗೇ ಕಳಿಸಿದ. ಮರುಮುದ್ರಣದ ಮಾತೇ ಇಲ್ಲ ಎಂದು ಫೋನಿನಲ್ಲೇ ಹೇಳಿಬಿಟ್ಟ. ಕಟ್ಟುಗಳು ಇಸ್ತ್ರಿ ಮೇಜಿನ ಕೆಳಗೆ ಕೂತವು. ಕೆಲಸ ಮಾಡುವಾಗ ಕಾಲಿಗೆ ತಗುಲುತ್ತಿದ್ದವು, ತಗುಲಿದಾಗಲೆಲ್ಲ ನನಗೆ ಎಲ್ಲರ ಮೇಲೂ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಕರಿಕೋಟಿನ ಹೊಸ ಪುಸ್ತಕ ಬಂತು. ತಂಗಿ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತು ಹಾಕಿದ್ದರು. ದುಡ್ಡು ಕೊಟ್ಟು ಕೊಂಡು, ಯಾರೋ ನೋಡಿಯಾರು ಎಂದು ಚೀಲದಲ್ಲಿ ಮುಚ್ಚಿಟ್ಟುಕೊಂಡು ಮನೆಗೆ ತಂದೆ.

ಮೊದಲ ಪುಟದಲ್ಲೇ ಹೆಣ. ಹಳೇ ಗೋದಾಮಿನಲ್ಲಿ ಬಿದ್ದಿದೆ, ಮುಖ ಗುರುತು ಸಿಗುವಂತಿಲ್ಲ. ಸತ್ತವಳು ಇಸ್ತ್ರಿ ಮಾಡುವವಳು! "ಒಂದು ಗಳಿಗೆ ಬಾಯಿ ಮುಚ್ಚಿದವಳಲ್ಲ. ಅವಳನ್ನು ಕೊಲ್ಲಲು ಊರಿನಲ್ಲಿ ಅರ್ಧ ಜನಕ್ಕೆ ಕಾರಣವಿತ್ತು, ಉಳಿದರ್ಧ ಜನಕ್ಕೆ ಅವಳ ಪರಿಚಯವಿರಲಿಲ್ಲ" ಎಂದು ಬರೆದಿದ್ದಳು. ಪುಸ್ತಕವನ್ನು ಗೋಡೆಗೆ ಎಸೆದೆ. ಆಮೇಲೆ ಎದ್ದು ಹೋಗಿ ತಂದುಕೊಂಡೆ, ಮುಂದೇನಾಯಿತು ಎಂದು ತಿಳಿಯದೆ ಇರಲಾಗಲಿಲ್ಲ. ಕೊಲೆಗಾರ ಯಾರೆಂದು ಗೊತ್ತಿಲ್ಲದೆ ನಾನು ಕರಿಕೋಟಿನ ಕಥೆ ಓದಿದ್ದು ಅದೇ ಮೊದಲು.

ಹೆಣ ಯಾರದೆಂದು ಹೇಳಲು ಪೊಲೀಸರು ಸತ್ತವಳ ತಂಗಿಯನ್ನು ಕರೆಸುತ್ತಾರೆ. ಅವರಿಬ್ಬರಿಗೂ ಮಾತಿಲ್ಲ. ಅವಳು ಮುಖ ನೋಡುವುದಿಲ್ಲ. ನೇರವಾಗಿ ಸೀರೆಯ ಅಂಚು ಮಗುಚುತ್ತಾಳೆ. ಎರಡು ಚುಕ್ಕೆಗಳಿರುತ್ತವೆ. ಇನ್ಸ್‌ಪೆಕ್ಟರು ಇದೇನು ಎಂದು ಕೇಳುತ್ತಾನೆ. "ಒಂದು ಇವಳದು, ಒಂದು ನನ್ನದು" ಎನ್ನುತ್ತಾಳೆ. ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ.

ಅತ್ತುಬಿಟ್ಟೆ. ಅಮ್ಮ ಹೋದಾಗ ಅತ್ತಿದ್ದಕ್ಕಿಂತ ಹೆಚ್ಚು ಅತ್ತೆ. ಅವಳ ಮೇಲಿನ ಸಿಟ್ಟು ಮಾತ್ರ ಇಳಿಯಲಿಲ್ಲ. ನನ್ನನ್ನು ಕೊಂದು, ಕೊಂದ ಮೇಲೂ ಆ ಅಂಚಿನಲ್ಲಿ ತನ್ನ ಪಕ್ಕದಲ್ಲೇ ಇಟ್ಟುಕೊಂಡಿದ್ದಳಲ್ಲ. ನಾನು ಬದುಕಿರುವವಳನ್ನು ಮನೆಯಿಂದಲೇ ಅಳಿಸಿದ್ದೆ.

ಮಾರನೆಯ ದಿನ ಅಂಗಡಿಗೆ ಹೋದೆ. ಅವಳು ಒಗೆಯಲು ಬಂದ ಬಟ್ಟೆಗಳನ್ನು ವಿಂಗಡಿಸುತ್ತಿದ್ದಳು.

"ನನ್ನ ಕೊಂದಿದೀಯ" ಎಂದೆ.

"ಓದಿದ್ಯಾ?" ತಲೆ ಎತ್ತಲಿಲ್ಲ.

"ಎರಡು ಚುಕ್ಕೆ ಯಾಕೆ ಹಾಕ್ದೆ?"

"ಇದ್ದದ್ದು ಎರಡು. ಇದ್ದಷ್ಟು ಹಾಕ್ದೆ."

ಒಳಗೆ ಹೋಗಿ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟೆ. ಮೇಜಿನ ಕೆಳಗಿನ ಕಟ್ಟು ಬಿಚ್ಚಿ, ಪುಸ್ತಕಗಳನ್ನು ಶರ್ಟುಗಳ ಹಾಗೆ ಸಾಲಾಗಿ ಹರಡಿದೆ. ಗುರುತು ಮಸಿಯ ಶೀಶೆ, ಅಮ್ಮ ಗುರುತು ಹಾಕುತ್ತಿದ್ದ ಕಡ್ಡಿ ತಂದೆ. ಮುಖಪುಟದ ಬಿಳಿ ಅಂಚಿನ ಮೇಲೆ, ಅಚ್ಚಾದ ಚುಕ್ಕೆಯ ಪಕ್ಕದಲ್ಲಿ, ಇನ್ನೊಂದು ಚುಕ್ಕೆ ಇಟ್ಟೆ. ಒದ್ದೆಯಾಗಿ ಮಿನುಗಿತು, ಆಮೇಲೆ ಒಣಗಿ ಕಪ್ಪಾಯಿತು. ಒಳಗಿನ ಪುಟಗಳಲ್ಲಿ ಬಕೆಟ್ಟನ್ನು ಒಬ್ಬಳೇ ಹೊತ್ತಿದ್ದಾಳೆ, ಅದನ್ನು ಇನ್ನು ಯಾವ ಮಸಿಯಿಂದಲೂ ತಿದ್ದಲು ಬರುವುದಿಲ್ಲ. ಹೊರಗಿನದನ್ನಾದರೂ ಸರಿಮಾಡಬಹುದಿತ್ತು. ಕೆಳಗಿರುವ ಹೆಸರು ನನ್ನದು, ತಪ್ಪೂ ನನ್ನ ಹೆಸರಿನಲ್ಲೇ ಇರಲಿ.

ಎಷ್ಟೋ ಹೊತ್ತಿನ ಮೇಲೆ ತಂಗಿ ಹೋಟೆಲಿನ ಹಾಸಿಗೆ ಬಟ್ಟೆ ಹೊತ್ತುಕೊಂಡು ಒಳಗೆ ಬಂದಳು. ಮೇಜಿನ ಬಳಿ ನಿಂತಳು. ಒಂದು ಪ್ರತಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಹೆಬ್ಬೆರಳಿನಿಂದ ಹೊಸ ಚುಕ್ಕೆಯನ್ನು ಉಜ್ಜಿ ನೋಡಿದಳು.

"ವಾರೆಯಾಗಿದೆ" ಎಂದಳು. "ಗುರುತು ಹಾಕೋದು ನಿಂಗೆ ಇವತ್ತಿಗೂ ಬರಲಿಲ್ಲ."

ಪುಸ್ತಕವನ್ನು ವಾಪಸ್ಸು ಇಡಲಿಲ್ಲ. ಕಂಕುಳಲ್ಲಿ ಸಿಕ್ಕಿಸಿಕೊಂಡು ಗಲ್ಲಾದ ಕಡೆ ಹೋದಳು. ಅವಳ ಬಾಯಿಂದ ಇದಕ್ಕಿಂತ ಒಳ್ಳೆಯ ಮಾತು ಬರುತ್ತದೆ ಎಂದು ಕಾಯುವ ಪೆದ್ದಿ ನಾನಲ್ಲ. ಕಡ್ಡಿಯನ್ನು ಮಸಿಗೆ ಅದ್ದಿ ಮುಂದಿನ ಪುಸ್ತಕ ಎಳೆದುಕೊಂಡೆ.